ಕಿವಿ ಮೇಸ್ತ್ರಿ ಮತ್ತು ಏಳಲೊಲ್ಲದ ಮನೆಬಂಡಿ

ನಮ್ಮ ಬೀದಿಯಲ್ಲಿ ದಿನಕ್ಕೆ ಮೂರು ನಾಲ್ಕು ಸಲ ಲೋಕವ್ಯವಹಾರವೇ ನಿಂತುಹೋಗುತ್ತಿತ್ತು. ನಿಲ್ಲಿಸುತ್ತಿದ್ದುದು ಒಂದು ತೋರುಬೆರಳು. ಗ್ರೀಸು ಮೆತ್ತಿದ, ಅರ್ಧ ಉಗುರು ಹಾರಿಹೋದ ಆ ಬೆರಳು ಮೇಲೇಳುತ್ತಿದ್ದಂತೆ ವೆಲ್ಡಿಂಗ್‌ನವನು ಕಿಡಿಯನ್ನು ಅರ್ಧಕ್ಕೇ ಬಿಡುತ್ತಿದ್ದ. ಟೈಲರಮ್ಮ ಹೊಲಿಗೆ ಯಂತ್ರದ ಮೇಲಿಂದ ಕಾಲೆತ್ತುತ್ತಿದ್ದಳು. ಜಗಳವಾಡುತ್ತಿದ್ದ ಗಂಡಹೆಂಡಿರು ನಾಲಿಗೆಯ ತುದಿಗೆ ಬಂದ ಬೈಗುಳವನ್ನು ಅಲ್ಲೇ ಹಿಡಿದಿಟ್ಟುಕೊಂಡು ಕಾಯುತ್ತಿದ್ದರು. ಒಮ್ಮೆ ಒಂದು ಕಾಗೆ ಕೂಗಲೆಂದು ತೆರೆದ ಕೊಕ್ಕನ್ನು ಹಾಗೇ ಮುಚ್ಚಿಕೊಂಡು ಹಾರಿಹೋಯಿತೆಂದು ಟೈಲರಮ್ಮ ಇವತ್ತಿಗೂ ಆಣೆ ಇಟ್ಟು ಹೇಳುತ್ತಾಳೆ. ಬೆರಳು ಇಳಿಯುವವರೆಗೆ ಗಾಳಿ ಕೂಡ ಅಪ್ಪಣೆ ಕೇಳಿ ಬೀಸಬೇಕಿತ್ತು.

ಬೆರಳಿನ ಒಡೆಯ ನನ್ನ ಭಾವ, ಅಂದರೆ ನನ್ನಕ್ಕನ ಗಂಡ. ಕಸುಬು ಡೀಸೆಲ್ ಇಂಜಿನ್ ರಿಪೇರಿ. ಬೀದಿಯ ಬಾಯಲ್ಲಿ ಕಿವಿ ಮೇಸ್ತ್ರಿ. ಮೊಣಕೈಯುದ್ದದ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಕೊಟ್ಟು, ಕಣ್ಣು ಮುಚ್ಚಿ ನಿಂತನೆಂದರೆ ಯಾವ ಲಾರಿಯೂ ಗುಟ್ಟು ಇಟ್ಟುಕೊಳ್ಳುವಂತಿರಲಿಲ್ಲ. ಮೂರು ಸಲ ಸ್ಟಾರ್ಟ್ ಮಾಡಿಸುತ್ತಿದ್ದ. ನಾಲ್ಕನೆಯದು ಯಾರಿಗೂ ಬೇಕಾಗಿರಲಿಲ್ಲ. ‘ಎರಡನೇ ಸಿಲಿಂಡರು’ ಎನ್ನುತ್ತಿದ್ದ, ಮುಗಿಯಿತು. ಮುಂದಿನ ಬೀದಿಯಲ್ಲಿ ಓಡುತ್ತಿದ್ದ ಬಸ್ಸಿನ ಸದ್ದು ಕೇಳಿ, ‘ಅದರ ಬೆಲ್ಟು ಇನ್ನೆರಡು ದಿನ’ ಅಂದದ್ದೂ, ಮೂರನೇ ದಿನ ಆ ಬಸ್ಸು ಹಗ್ಗ ಕಟ್ಟಿಸಿಕೊಂಡು ಬಂದದ್ದೂ ನಾನೇ ಕಂಡ ಸತ್ಯ.

ಅವನದ್ದು ಇನ್ನೊಂದು ನಿಯಮ ಇತ್ತು. ಗಾಡಿಯ ಯಜಮಾನರನ್ನು ಒಂದು ಪ್ರಶ್ನೆಯನ್ನೂ ಕೇಳುತ್ತಿರಲಿಲ್ಲ. ಅವರಾಗಿ ಹೇಳಹೊರಟರೂ ಬೆರಳು ಎದ್ದುಬಿಡುತ್ತಿತ್ತು. ಕಾರಣ ಕೇಳಿದರೆ, ‘ಇಂಜಿನ್ನಿಗೆ ಸುಳ್ಳು ಹೇಳಕ್ಕೆ ಬರಲ್ಲ’ ಎನ್ನುತ್ತಿದ್ದ. ಇಪ್ಪತ್ತೆಂಟು ವರ್ಷ ಹೀಗೇ ನಡೆಯಿತು.

ನಾನು ಅವನ ಗ್ಯಾರೇಜಿನ ಎದುರಿಗೆ ಬ್ಯಾಟರಿ ಅಂಗಡಿ ಇಟ್ಟವನು. ಭೂಮಿಯ ಮೇಲಿನ ಯಾವುದೇ ತೊಂದರೆಗೂ ನನ್ನ ಬಳಿ ಒಂದೇ ಮದ್ದು: ಬ್ಯಾಟರಿ ಬದಲಾಯಿಸಿ. ಹೀಗಾಗಿ ನಮ್ಮಿಬ್ಬರ ಶಾಸ್ತ್ರಗಳು ಆಗಾಗ ಡಿಕ್ಕಿ ಹೊಡೆಯುತ್ತಿದ್ದವು. ನಡುವೆ ಬಿಡಿಸುತ್ತಿದ್ದವಳು ಅಕ್ಕ. ಅವಳು ತೀರಿಕೊಂಡು ಮೂರು ವರ್ಷವಾಗಿತ್ತು. ಆಮೇಲೆ ನಾವು ಜಗಳವಾಡುವುದನ್ನೂ ಬಿಟ್ಟಿದ್ದೆವು. ಬಿಡಿಸುವವರಿಲ್ಲದ ಜಗಳದಲ್ಲಿ ಏನು ಸೊಗಸು?

ಇಂಥ ಬೀದಿಗೆ ಒಂದು ಬೆಳಿಗ್ಗೆ ಒಂದು ಮನೆ ಉರುಳಿಕೊಂಡು ಬಂತು.

ಮನೆಯೇ. ಚಕ್ರ ಆರು, ಮುಂದೆ ಡೀಸೆಲ್ ಇಂಜಿನ್ನು, ಹಿಂದೆ ಸಂಸಾರ. ಒಳಗೆ ಮಂಚ, ಒಲೆ, ಕೈ ತೊಳೆಯುವ ತೊಟ್ಟಿ. ತಿರುವಿನಲ್ಲಿ ಬೀಳದಂತೆ ದಾರ ಕಟ್ಟಿದ ಲೋಟಗಳ ಸಾಲು. ಕಿಟಕಿಗೆ ನೀಲಿ ಪರದೆ. ನೆತ್ತಿಯ ಮೇಲೆ ಬಿಸಿಲಿನಿಂದ ಕರೆಂಟು ಮಾಡುವ ಹಲಗೆ. ಟೈಲರಮ್ಮ ಸುತ್ತು ಹಾಕಿ ಬಂದು ತೀರ್ಪು ಕೊಟ್ಟಳು: “ಸೊಸೆ ಜೊತೆ ಆಗದೇ ಇದ್ರೆ ಮನೆ ಸಮೇತ ಎದ್ದು ಹೋಗ್ಬಹುದು. ನನಗೂ ಒಂದು ಹೇಳ್ರಿ.”

ಇಳಿದವರು ಎಪ್ಪತ್ತು ದಾಟಿದ ಗಂಡಹೆಂಡತಿ. ಆತ ಸರ್ಕಾರಿ ಕಚೇರಿಯೊಂದರಲ್ಲಿ ಮೂವತ್ನಾಲ್ಕು ವರ್ಷ ಭೂಪಟ ಬರೆದು ನಿವೃತ್ತರಾದವರು. ನಾವು ಅವರನ್ನು ನಕ್ಷೆಯವರು ಎಂದೇ ಕರೆದೆವು.

“ನಾವೀಗ ಹೊರಟಿರೋ ಸಮುದ್ರದ ದಡ ಪೂರ್ತಿ ನಾನೇ ಬರೆದಿದ್ದು,” ಎಂದರು. “ಭೂಮಿ ಮುಗಿಯೋ ಕಡೇ ತುದಿ ಇದೆಯಲ್ಲ, ಮೂಗಿನ ಹಾಗೆ ಚಾಚಿರೋದು, ಅದಂತೂ ಹನ್ನೊಂದು ಸಲ ಬರೆದಿದೀನಿ. ಒಂದ್ಸಲಾನೂ ನೋಡಿಲ್ಲ. ಇವಳಿಗೆ ತೋರಿಸ್ಬೇಕು ಅಂತ ಹೊರಟೆ.”

“ನನಗೇನೂ ನೋಡ್ಬೇಕಾಗಿಲ್ಲ,” ಎಂದರು ಅವರ ಹೆಂಡತಿ. “ಇವರು ಗೆರೆ ಸರಿಯಾಗಿ ಎಳೆದಿದಾರಾ ಇಲ್ವಾ ಅಂತ ಪರೀಕ್ಷೆ ಮಾಡಕ್ಕೆ ಬರ್ತಿದೀನಿ.”

“ತೊಂದರೆ ಏನಪ್ಪ ಅಂದ್ರೆ ಮೇಸ್ತ್ರಿ, ಬೆಳಿಗ್ಗೆ ಹೊತ್ತು ಇಂಜಿನ್ನು…”

ಬೆರಳು ಎದ್ದಿತು. ಲೋಕ ನಿಂತಿತು.

ಕೀಲಿ ತಿರುಗಿದಾಗ ಒಳಗಿಂದ ಬಂದ ಸದ್ದು, ಹೊಟ್ಟೆ ತುಂಬ ಉಂಡು ಮಲಗಿದವನನ್ನು ಎಬ್ಬಿಸಿದಂತಿತ್ತು. ರ್ರೂಂ… ರ್ರೂಂ… ಇನ್ನೇನು ನಿಂತೇಹೋಯಿತು ಅನ್ನುವಷ್ಟರಲ್ಲಿ ಮತ್ತೊಂದು ರ್ರೂಂ, ಆಮೇಲೆ ಒಂದು ದೊಡ್ಡ ಕೆಮ್ಮು, ಬಿಳೀ ಹೊಗೆ, ಕೊನೆಗೆ ಜೀವ. ಮೂರು ಸಲವೂ ಹೀಗೇ.

“ಸ್ಟಾರ್ಟರ್ ನಿಧಾನ ತಿರುಗ್ತಿದೆ,” ಎಂದ ಭಾವ. “ಕರೆಂಟು ಪೂರ್ತಿ ತಲುಪ್ತಿಲ್ಲ.”

“ಬ್ಯಾಟರಿ ಬದಲಾಯಿಸಿ,” ಎಂದೆ ನಾನು.

ಅಪರೂಪಕ್ಕೆ ಎರಡೂ ಶಾಸ್ತ್ರಗಳು ಒಪ್ಪಿದವು. ಹಳೇ ಬ್ಯಾಟರಿ ನಿಜಕ್ಕೂ ಸೋತಿತ್ತು. ಹೊಸದು ಹಾಕಿದೆ. ಭಾವ ಇಂಜಿನ್ನಿನಿಂದ ಗಾಡಿಯ ಮೈಗೆ ಹೋಗುವ ದಪ್ಪ ತಂತಿಯನ್ನು ಬಿಚ್ಚಿ, ತುಕ್ಕು ಉಜ್ಜಿ, ಮತ್ತೆ ಬಿಗಿದ. ಆದರೂ ಅವನ ಮುಖ ತಿಳಿಯಾಗಲಿಲ್ಲ. “ಇವತ್ತು ಇಲ್ಲೇ ಅಂಗಳದಲ್ಲಿರಿ. ಬೆಳಿಗ್ಗೆ ಇನ್ನೊಂದ್ಸಲ ಕೇಳ್ತೀನಿ. ಇಲ್ಲಿಂದ ಮುಂದೆ ಇನ್ನೂರು ಕಿಲೋಮೀಟರು ಒಂದು ಗ್ಯಾರೇಜೂ ಇಲ್ಲ,” ಎಂದ.

ಮಾರನೇ ದಿನ ಇಂಜಿನ್ನು ಎದ್ದಿತು. “ನೋಡಿದ್ಯಾ!” ಎಂದು ಎದೆ ಉಬ್ಬಿಸಿದೆ. ಭಾವ ಮಾತ್ರ, “ನಿನ್ನೆ ಸಾಯಂಕಾಲಕ್ಕಿಂತ ಒಂದು ಕೂದಲೆಳೆ ಮಂದ,” ಎಂದ. ಆ ಕೂದಲನ್ನು ಕೇಳಿಸಿಕೊಳ್ಳುವ ಯೋಗ್ಯತೆ ನಮಗ್ಯಾರಿಗೂ ಇರಲಿಲ್ಲ. ಮೂರನೇ ದಿನ ನಮಗೂ ಕೇಳಿಸಿತು. ಭಾವ ಸ್ಟಾರ್ಟರನ್ನು ಇಳಿಸಿ, ಅದರ ಸವೆದ ಬ್ರಷ್ಷು ಬದಲಾಯಿಸಿದ. ಡೀಸೆಲ್ಲಿಗೆ ಕಾವು ಕೊಡುವ ಪ್ಲಗ್ಗುಗಳನ್ನು ಒಂದೊಂದಾಗಿ ಬಿಚ್ಚಿ ಕೆಂಪಗಾಗುತ್ತವೆಯೇ ನೋಡಿದ. ಡೀಸೆಲ್ ಪೈಪಿನಲ್ಲಿ ಗಾಳಿ ಸೇರಿದೆಯೇ ಎಂದು ಹನಿ ಹನಿ ಪರೀಕ್ಷಿಸಿದ. ಎಲ್ಲ ಸರಿ. ನನ್ನ ಹೊಚ್ಚಹೊಸ ಬ್ಯಾಟರಿ ಮಾತ್ರ ಅರ್ಧಕ್ಕರ್ಧ ಖಾಲಿ.

“ಯಾರೋ ಕರೆಂಟು ಕುಡೀತಿದಾರೆ,” ಎಂದ ಭಾವ. ಮೀಟರು ಸಿಕ್ಕಿಸಿ ಮಧ್ಯಾಹ್ನವೆಲ್ಲ ಕಾದ. ಮುಳ್ಳು ಸೊನ್ನೆಯಿಂದ ಅಲುಗಲಿಲ್ಲ.

ನಕ್ಷೆಯವರು ತಾವೇ ಕೂತು ಬರೆದ ವೈರಿಂಗ್ ಚಿತ್ರವನ್ನು ತಂದು ಹಾಸಿದರು. ಅಂಥ ವೈರಿಂಗ್ ಚಿತ್ರವನ್ನು ಜಗತ್ತು ಕಂಡಿರಲಾರದು. ಮನೆಗೊಂದು ಬ್ಯಾಟರಿ, ಅದು ಮಂಚದ ಕೆಳಗೆ, ನೆತ್ತಿಯ ಬಿಸಿಲು ಹಲಗೆಯಿಂದ ತುಂಬುವುದು, ನೀಲಿ ಗೆರೆ. ಇಂಜಿನ್ನಿಗೊಂದು ಬ್ಯಾಟರಿ, ಗಾಡಿ ಓಡಿದಾಗ ಮಾತ್ರ ತುಂಬುವುದು, ಕೆಂಪು ಗೆರೆ. ಬಲಮೂಲೆಯಲ್ಲಿ ಅಳತೆಯ ಪಟ್ಟಿ. ಎಡಮೂಲೆಯಲ್ಲಿ ಉತ್ತರ ದಿಕ್ಕಿನ ಬಾಣ.

“ಗಾಡಿ ತಿರುಗಿದ್ರೆ ಬಾಣ ಏನ್ಮಾಡುತ್ತೆ ಸಾರ್?” ಎಂದು ವೆಲ್ಡಿಂಗ್‌ನವನು ಕೇಳಿದ.

“ಅಭ್ಯಾಸ ಕಣಪ್ಪ,” ಎಂದರು ನಕ್ಷೆಯವರು. “ಉತ್ತರ ಇಲ್ದೆ ನನಗೆ ಕೈ ಓಡಲ್ಲ.” ಹೆಂಡತಿ ನಕ್ಕರು. ನಗುವುದನ್ನು ನಡುವೆ ನಿಲ್ಲಿಸಿ, ಬಾಗಿಲ ಚೌಕಟ್ಟು ಹಿಡಿದುಕೊಂಡು, ಮತ್ತೆ ಮುಂದುವರಿಸಿದರು. ನಾವು ಅದನ್ನು ನಗುವ ಶೈಲಿ ಎಂದುಕೊಂಡೆವು.

ನಾಲ್ಕನೇ ಬೆಳಿಗ್ಗೆ ನಕ್ಷೆಯವರು ಅಂಗಳದ ನಲ್ಲಿಯ ಹತ್ತಿರ ಗೋಡೆಗೆ ಕನ್ನಡಿ ಸಿಕ್ಕಿಸಿ, ಮುಖಕ್ಕೆ ನೊರೆ ಹಚ್ಚಿ ಗಡ್ಡ ಹೆರೆಯುತ್ತಿದ್ದರು. ಅವರು ಬರಲೆಂದು ಕಾಯದೆ ಭಾವನೇ ಹತ್ತಿ ಡ್ರೈವರ್ ಸೀಟಿನಲ್ಲಿ ಕೂತ. ನಾನು ಬಾನೆಟ್ಟಿನ ಪಕ್ಕ ನಿಂತು ಬ್ಯಾಟರಿಯ ತಿರುಪು ಬಿಗಿಯುತ್ತಿದ್ದೆ. ಭಾವ ಕೀಲಿ ತಿರುಗಿಸಲಿಲ್ಲ. ಕಣ್ಣು ಮುಚ್ಚಿಕೊಂಡ. ಬಾಗಿಲ ಮೆಟ್ಟಿಲು ಎರಡೇ ಎರಡು. ನಕ್ಷೆಯವರ ಹೆಂಡತಿ ಒಂದು ಹತ್ತಿದರು, ನಿಂತರು, “ಎಷ್ಟು ಚೆನ್ನಾಗಿದೆ ಬೀದಿ,” ಎಂದು ಯಾರಿಗೋ ಎಂಬಂತೆ ಹೇಳಿದರು, ಆಮೇಲೆ ಎರಡನೆಯದು ಹತ್ತಿದರು. ಬೀದಿಯಲ್ಲಿ ಚೆನ್ನಾಗಿರುವಂಥದ್ದು ಏನೂ ಇರಲಿಲ್ಲ; ಒಂದು ಒಡೆದ ರೇಡಿಯೇಟರು, ಒಂದು ಟಯರಿನ ರಾಶಿ.

“ಅಮ್ಮಾ,” ಎಂದ ಭಾವ. “ನಿಮಗೆ ರಾತ್ರಿ ನಿದ್ದೆ ಬರುತ್ತಾ?”

ನನ್ನ ಕೈಯಿಂದ ಸ್ಪಾನರು ಜಾರಿ ಇಂಜಿನ್ನಿನ ಹೊಟ್ಟೆಯೊಳಗೆಲ್ಲೋ ಬಿತ್ತು. ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಪ್ರಶ್ನೆ!

“ಇದೇನು ಮೇಸ್ತ್ರಿ, ಇಂಜಿನ್ ಬಿಟ್ಟು ನನ್ನ ರಿಪೇರಿಗೆ ಇಳಿದ್ರಾ?”

“ಮಲಗಿ ನಿದ್ದೆ ಮಾಡ್ತೀರಾ, ಇಲ್ಲಿ ಕೂತು ಮಾಡ್ತೀರಾ?”

ಆಕೆಯ ಮುಖದ ನಗು ಇಳಿಯಿತು. ನಲ್ಲಿಯ ಕಡೆ ಒಮ್ಮೆ ನೋಡಿದರು. ಗಂಡ ಗುನುಗಿಕೊಳ್ಳುತ್ತ ಎಡಗೆನ್ನೆ ಹೆರೆಯುತ್ತಿದ್ದರು. ಆಕೆ ಪಕ್ಕದ ಸೀಟಿಗೆ ಬಂದು ಕೂತು, ನಡುವಿನ ಗೂಡು ತೆರೆದು, ಅಂಗೈಯಗಲದ ಒಂದು ಫ್ಯಾನನ್ನೂ, ಬಿಸಿ ಕೊಡುವ ಒಂದು ಮೆತ್ತೆಯನ್ನೂ ತೆಗೆದು ಮಡಿಲಲ್ಲಿಟ್ಟುಕೊಂಡರು. ಕದ್ದ ಮಾಲು ಒಪ್ಪಿಸುವವರ ಹಾಗೆ.

“ಮಲಗಿದ್ರೆ ಎದೆ ಮೇಲೆ ಯಾರೋ ಕೂತ ಹಾಗಾಗುತ್ತೆ,” ಎಂದರು. “ಮೂರು ತಿಂಗಳಾಯ್ತು. ಇವರು ಮಲಗಿದ್ಮೇಲೆ ಮೆಲ್ಲಗೆ ಎದ್ದು ಬಂದು ನೀವು ಕೂತಿರೋ ಸೀಟಲ್ಲೇ ಕೂತ್ಕೋತೀನಿ. ಮುಖಕ್ಕೆ ಗಾಳಿ ಬಿದ್ರೆ ಉಸಿರು ಸಿಗುತ್ತೆ. ಗಾಳಿಗೆ ಚಳಿಯಾಗುತ್ತೆ, ಅದಕ್ಕೆ ಮಂಡಿ ಮೇಲೆ ಈ ಮೆತ್ತೆ. ಇವರು ಏಳೋಕೆ ಮುಂಚೆ ಹೋಗಿ ಪಕ್ಕದಲ್ಲಿ ಬಿದ್ಕೊಂಡುಬಿಡ್ತೀನಿ.”

“ಮಂಚದ ಪಕ್ಕಾನೂ ಕರೆಂಟ್ ಪಾಯಿಂಟ್ ಇದೆಯಲ್ಲ.”

“ಅಲ್ಲಿ ಹಾಕಿದ್ರೆ ಇವರಿಗೆ ಎಚ್ಚರ ಆಗುತ್ತೆ.”

ಡ್ರೈವರ್ ಮುಂದಿನ ಪಾಯಿಂಟು ಕೆಂಪು ಗೆರೆಯದು. ಅದು ಎಳೆಯುವುದು ಇಂಜಿನ್ನಿನ ಬ್ಯಾಟರಿಯನ್ನು. ರಾತ್ರಿಯಿಡೀ ಎಳೆದರೆ ಬೆಳಿಗ್ಗೆ ಸ್ಟಾರ್ಟರಿಗೆ ತಿರುಗುವ ಶಕ್ತಿ ಎಲ್ಲಿಂದ ಬರಬೇಕು? ಹಗಲು ಮೀಟರು ಹಿಡಿದು ಕೂತರೆ ಏನು ಸಿಗಬೇಕು? ಮೊದಲ ದಿನವೇ ಆಕೆಯನ್ನು ಒಂದು ಮಾತು ಕೇಳಿದ್ದರೆ ಐದು ನಿಮಿಷದ ಕೆಲಸ. ನಾವು ಇಂಜಿನ್ನನ್ನೇ ನಾಲ್ಕು ದಿನ ಕೇಳಿದೆವು. ಪಾಪ, ಅದು ಸತ್ಯವನ್ನೇ ಹೇಳುತ್ತಿತ್ತು.

“ಈ ಬೆರಳುದ್ದದ ಫ್ಯಾನಾ ಅಷ್ಟು ದೊಡ್ಡ ಇಂಜಿನ್ನನ್ನ ಸುಸ್ತು ಮಾಡಿದ್ದು?” ಎಂದರು ಆಕೆ.

“ಫ್ಯಾನಿಗಿಂತ ಮೆತ್ತೆದು ಜಾಸ್ತಿ,” ಎಂದ ಭಾವ.

“ಮೇಸ್ತ್ರಿ, ಇವರಿಗೆ ಹೇಳ್ಬೇಡಿ. ಹೇಳಿದ್ರೆ ಈ ಗಳಿಗೇಲೇ ಗಾಡಿ ತಿರುಗಿಸ್ತಾರೆ. ಹನ್ನೊಂದು ಸಲ ಬರೆದಿದಾರೆ, ಒಂದ್ಸಲ ನೋಡ್ಲಿ. ನಾನು ಅಲ್ಲಿ ತನಕ ಹೇಗೋ ತಡಕೋತೀನಿ.”

ಭಾವ ಬಗ್ಗಿ ಪಾಯಿಂಟಿನ ತಂತಿಯನ್ನು ಬೆರಳಿನಿಂದ ಮುಟ್ಟಿ ನೋಡಿದ.

“ಈ ಪಾಯಿಂಟಿನ ತಂತಿ ಕಿತ್ತು ಮನೆ ಬ್ಯಾಟರಿಗೆ ಹಾಕಿದ್ರೆ ಮುಗೀತು. ನೀವು ಬೆಳಗಾಗೋ ತನಕ ಫ್ಯಾನ್ ಹಾಕ್ಕೊಳ್ಳಿ, ಇಂಜಿನ್ನು ಟಕ್ಕಂತ ಏಳುತ್ತೆ. ನಿಮ್ಮವ್ರಿಗೆ ಯಾವತ್ತೂ ಗೊತ್ತಾಗಲ್ಲ. ಅದಕ್ಕೇ ನೋಡಿ ಅಮ್ಮಾ, ಮಾಡಕ್ಕೆ ಕೈ ಬರ್ತಿಲ್ಲ.”

ಆಕೆ ಮೆತ್ತೆಯ ತಂತಿಯನ್ನು ಸುತ್ತತೊಡಗಿದರು.

“ನಮ್ಮ ಮನೆ ಆ ಮೇಲ್ಗಡೆ,” ಎಂದು ಗ್ಯಾರೇಜಿನ ಮಾಳಿಗೆ ತೋರಿಸಿದ. “ಹದಿನೆಂಟು ಮೆಟ್ಟಿಲು. ನಮ್ಮವಳು ಒಂಬತ್ತನೇದರಲ್ಲಿ ನಿಂತು ಎಲ್ಲರ ಹತ್ರಾನೂ ಮಾತಾಡೋಳು. ಮಾತು ಅಂದ್ರೆ ಅವಳಿಗೆ ಇಷ್ಟ ಅಂದ್ಕೊಂಡಿದ್ದೆ.”

ಉಳಿದದ್ದನ್ನು ಅವನು ಹೇಳಲಿಲ್ಲ. ನಾನು ಹೇಳುತ್ತೇನೆ. ಅಕ್ಕ ಒಂಬತ್ತನೇ ಮೆಟ್ಟಿಲ ಮೇಲೆ ನಿಂತು ಟೈಲರಮ್ಮನ ಸೊಸೆಯ ಸಮಾಚಾರ ಕೇಳುತ್ತಿದ್ದಳು, ವೆಲ್ಡಿಂಗ್‌ನವನಿಗೆ ಕನ್ನಡಕ ಹಾಕಿಕೊಳ್ಳೋ ಎಂದು ಗದರುತ್ತಿದ್ದಳು, ನನಗೆ ಹೊಟ್ಟೆ ಬಂತಲ್ಲೋ ಎಂದು ಹಂಗಿಸುತ್ತಿದ್ದಳು. ಒಂದು ದಿನ ಆ ಮೆಟ್ಟಿಲ ಮೇಲೆ ಕೂತಳು, ಏಳಲಿಲ್ಲ. ಸರಿಯಾಗಿ ಅದರ ಕೆಳಗೆ ಭಾವ ಒಂದು ಲಾರಿಯ ಇಂಜಿನ್ನಿಗೆ ಸ್ಕ್ರೂಡ್ರೈವರು ಒತ್ತಿ, ಬೆರಳೆತ್ತಿ ನಿಂತಿದ್ದ. ಬೀದಿಗೆ ಬೀದಿಯೇ ಬಾಯಿಮುಚ್ಚಿ ನಿಂತಿತ್ತು. ಅವಳು ಕರೆದಳೋ ಇಲ್ಲವೋ ಯಾರಿಗೂ ತಿಳಿಯದು. ಕರೆದಿರಲಾರಳು. ಬೆರಳು ಎದ್ದಾಗ ಮಾತಾಡಬಾರದು ಎಂಬುದನ್ನು ನಮಗೆಲ್ಲ ಕಲಿಸಿದವಳೇ ಅವಳು.

“ನೀವು ಹೇಳ್ದೇ ಹೋದ್ರೆ,” ಎಂದ ಭಾವ, “ಆಮೇಲೆ ಅವರು ದಿನಾ ಲೆಕ್ಕ ಹಾಕ್ತಾರೆ. ಯಾವತ್ತು ನಿಂತಳು, ಯಾವತ್ತು ಏನಂದಳು ಅಂತ. ಬೇರೆ ಕೆಲಸ ಇರಲ್ಲ ಅವರಿಗೆ.”

ಆಕೆ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಒಂದು ಸುತ್ತು ತಿರುಗಿಸಿದರು. ಆಮೇಲೆ ಕಿಟಕಿಯಿಂದ ತಲೆ ಹೊರಹಾಕಿದರು.

“ಏನ್ರೀ, ಒಂಚೂರು ಬನ್ನಿ ಇಲ್ಲಿ.”

“ಇನ್ನೊಂದು ಕೆನ್ನೆ ಇದೆ ಕಣೇ!”

“ಇರ್ಲಿ, ಬನ್ನಿ.”

ನಕ್ಷೆಯವರು ಒಂದು ಕೆನ್ನೆಯ ನೊರೆಯೊಂದಿಗೇ ಹತ್ತಿಹೋದರು. ಬಾಗಿಲು ಮುಚ್ಚಿತು, ನೀಲಿ ಪರದೆ ಎಳೆದುಕೊಂಡಿತು. ಬೀದಿಯ ಕಿವಿಗಳೆಲ್ಲ ನಿಮಿರಿದವು, ನನ್ನದೂ. ಆಗ ಭಾವ ಮಾಡಿದ ಕೆಲಸವನ್ನು ನಾನು ಸಾಯುವವರೆಗೆ ಮರೆಯಲಾರೆ. ನೆಟ್ಟಗೆ ಒಳಗೆ ಹೋದ, ಗ್ರೈಂಡರಿನ ಸ್ವಿಚ್ಚು ಒತ್ತಿದ, ಒಂದು ಕಬ್ಬಿಣದ ತುಂಡನ್ನು ಅದಕ್ಕೆ ಕೊಟ್ಟ. ಕಿರ್ರೆಂಬ ಆ ಸದ್ದಿಗೆ ಬೀದಿಯ ಹಲ್ಲುಗಳೆಲ್ಲ ಜುಮ್ಮೆಂದವು. ಇಪ್ಪತ್ತೆಂಟು ವರ್ಷ ನಮ್ಮನ್ನೆಲ್ಲ ಮೌನದಲ್ಲಿಟ್ಟ ಮನುಷ್ಯ ಒಂದು ಗಂಟೆ ಕಾಲ, ಯಾರಿಗೂ ಏನೂ ಕೇಳಿಸದಂತೆ, ತನಗೂ ಕೇಳಿಸದಂತೆ, ಯಾವ ತಪ್ಪೂ ಮಾಡಿರದ ಆ ತುಂಡನ್ನು ಹುಡಿ ಮಾಡುತ್ತ ನಿಂತ. ಟೈಲರಮ್ಮ ಬಂದು, “ಏನಾಗಿದೆ ಇವನಿಗೆ?” ಎಂದು ಕೂಗಿದಳು. ನಾನು ಬೆರಳೆತ್ತಿದೆ. ನನ್ನ ಬೆರಳಿಗೆ ಅಷ್ಟು ಶಕ್ತಿ ಇಲ್ಲ. ಅವಳು ಇನ್ನೂ ಎರಡು ಸಲ ಕೂಗಿದಳು.

ನಕ್ಷೆಯವರು ಇಳಿದಾಗ ಕೆನ್ನೆಯ ನೊರೆ ಒಣಗಿ ಬಿರುಕು ಬಿಟ್ಟಿತ್ತು. “ಇಲ್ಲಿ ಹೃದಯದ ಡಾಕ್ಟರು ಯಾರಿದಾರೆ?” ಎಂದಷ್ಟೇ ಕೇಳಿದರು. ನನ್ನ ಸ್ಕೂಟರಿನ ಹಿಂದೆ ಆ ತಾಯಿಯನ್ನು ಕೂರಿಸಿಕೊಂಡು ಹೋದೆ. ಅವರು ಅರ್ಧ ಗಡ್ಡದಲ್ಲೇ ಹಿಂದೆ ನಡೆದುಕೊಂಡು ಬಂದರು. ಡಾಕ್ಟರು ಬಹಳ ಹೊತ್ತು ನೋಡಿದರು. ಹೃದಯ ದಣಿದುಹೋಗಿದೆ, ಮಾತ್ರೆಯಿಂದ ಉಸಿರು ಸ್ವಲ್ಪ ಹಗುರಾಗಬಹುದು, ಅದಕ್ಕಿಂತ ಹೆಚ್ಚು ಕೇಳಬೇಡಿ, ಎಂದರು.

ಅಂದು ಮಧ್ಯಾಹ್ನ ಅಂಗಳದಲ್ಲಿ ನಡೆದ ಜಗಳಕ್ಕೆ ಗ್ರೈಂಡರಿನ ಮರೆ ಇರಲಿಲ್ಲ. “ಮನೆಗೆ ಹೋಗೋಣ,” ಎಂದರು ನಕ್ಷೆಯವರು. “ಮನೇಲಾದ್ರೆ ಮಲಗೋಕಾಗುತ್ತಾ? ಅಲ್ಲೂ ಕೂತೇ ಇರ್ಬೇಕು. ಕೂತಿರೋಳು ಕಿಟಕಿಯಾಚೆ ಏನಾದ್ರೂ ಓಡ್ತಿರೋದನ್ನ ನೋಡ್ತೀನಿ,” ಎಂದರು ಆಕೆ. ಟೈಲರಮ್ಮ ಆಕೆಯ ಪರ ನಿಂತಳು. ಅಲ್ಲಿಗೆ ನಕ್ಷೆಯವರು ಸೋತರು.

ಭಾವ ಪಾಯಿಂಟಿನ ತಂತಿಯನ್ನು ಮನೆಯ ಬ್ಯಾಟರಿಗೆ ಬದಲಾಯಿಸಿದ. ಡ್ರೈವರಿನ ಪಕ್ಕದ ಸೀಟನ್ನು ಬಿಚ್ಚಿ, ವೆಲ್ಡಿಂಗ್‌ನವನಿಂದ ಹೊಸ ಕಾಲು ಹಾಕಿಸಿ, ಹಿಂದಕ್ಕೆ ಒರಗುವಂತೆ ಕೂರಿಸಿದ. ರಾತ್ರಿ ಜೊತೆಗೆ ಕೂರುವವರಿಗೆ. ನಕ್ಷೆಯವರು ತಮ್ಮ ಚಿತ್ರ ಬಿಡಿಸಿ, ಒಂದು ಕೆಂಪು ಗೆರೆ ಅಳಿಸಿ ಅಲ್ಲಿ ನೀಲಿ ಎಳೆದು, ಪಕ್ಕದಲ್ಲಿ ತಾರೀಕು ಬರೆದು ಸಹಿ ಹಾಕಿದರು. ಮರುಬೆಳಿಗ್ಗೆ ಮನೆ ಒಂದೇ ಕೀಲಿಗೆ ಎದ್ದು ಹೊರಟಿತು.

ಎರಡು ತಿಂಗಳ ಮೇಲೆ ಮರಳಿ ಬಂತು. ನಕ್ಷೆಯವರು ಒಬ್ಬರೇ ಇಳಿದರು.

ನಾವು ಕುರ್ಚಿ ಹಾಕಿದೆವು. ಯಾರೂ ಕೇಳಲಿಲ್ಲ, ಅವರೇ ಹೇಳಿದರು. ದಿನಕ್ಕೆ ಇಪ್ಪತ್ತು, ಮೂವತ್ತು ಕಿಲೋಮೀಟರಷ್ಟೇ ಹೋದರಂತೆ. ಇಪ್ಪತ್ತೆರಡು ರಾತ್ರಿ ಮುಂದಿನ ಎರಡು ಸೀಟಿನಲ್ಲಿ ಇಬ್ಬರೂ ಕೂತು ಕಳೆದರಂತೆ. “ಬಸ್ಸಲ್ಲಿ ಮದುವೆಗೆ ಹೊರಟ ಹಾಗಿತ್ತು,” ಎಂದರು. “ನಲವತ್ತೈದು ವರ್ಷದಲ್ಲಿ ಹೇಳ್ದೇ ಇದ್ದಿದ್ದೆಲ್ಲ ಹೇಳಿದ್ಲು. ಅರ್ಧ ಬೈಗುಳ. ನನ್ನ ಅಕ್ಷರ ಅವಳಿಗೆ ಮೊದಲಿಂದಾನೂ ಇಷ್ಟ ಇರ್ಲಿಲ್ವಂತೆ.” ಭೂಮಿಯ ತುದಿಗೆ ಇನ್ನು ಅರವತ್ತು ಕಿಲೋಮೀಟರು ಇರುವಾಗ, ಒಂದು ಮಧ್ಯಾಹ್ನ, ಇವರು ಲೋಟಕ್ಕೆ ನೀರು ಬಗ್ಗಿಸಿಕೊಂಡು ತಿರುಗುವುದರೊಳಗೆ ಮುಗಿದಿತ್ತು.

“ಆಮೇಲೆ ನೀವು ಹೋಗಿ ನೋಡಿ ಬಂದ್ರಾ?” ಎಂದಳು ಟೈಲರಮ್ಮ.

“ಇಲ್ಲಮ್ಮ. ಪರೀಕ್ಷೆ ಮಾಡೋರೇ ಇಲ್ಲ, ನೋಡಿ ಏನು ಮಾಡ್ಲಿ?” ಎಂದರು. ಆಮೇಲೆ ಭಾವನ ಕಡೆ ತಿರುಗಿ, “ನಾನು ಎಚ್ಚರ ಇದ್ದೆ ಮೇಸ್ತ್ರಿ. ಇಪ್ಪತ್ತೆರಡು ದಿನಾನೂ ಎಚ್ಚರ ಇದ್ದೆ,” ಎಂದರು. ಭಾವ ತಲೆಯಾಡಿಸಿದ. ಅವರು ಹತ್ತಿ, ಕೀಲಿ ತಿರುಗಿಸಿ ಹೋದರು. ಇಂಜಿನ್ನು ಎದ್ದ ಸದ್ದು ಎಷ್ಟು ಚೆನ್ನಾಗಿತ್ತೆಂದರೆ ನಾವು ಯಾರೂ ತಲೆಯೆತ್ತಲಿಲ್ಲ.

ಮನೆ ತಿರುವಿನಲ್ಲಿ ಮರೆಯಾದ ಮೇಲೆ ಬೀದಿಗೆ ಮಾತು ಬಂತು. ಅದರ ಬಾಯಿ ನಾನೇ ಆದೆ. ಇಂಜಿನ್ನಿನ ಕೆಮ್ಮು ಕೇಳುವವರು ಊರಿಗೆ ಹತ್ತು ಜನ ಸಿಗುತ್ತಾರೆ. ಇಂಜಿನ್ನು ಸುಮ್ಮನಿದ್ದಾಗ, ಎರಡು ಮೆಟ್ಟಿಲಿನ ನಡುವೆ ಒಬ್ಬ ತಾಯಿ ಬಚ್ಚಿಟ್ಟ ಉಸಿರನ್ನು ಕೇಳಿದ ಕಿವಿ ಇದೊಂದೇ ಎಂದು ಸಾರಿದೆ. ವೆಲ್ಡಿಂಗ್‌ನವನು ಕನ್ನಡಕ ತೆಗೆದ. ಟೈಲರಮ್ಮ ಸೆರಗಿನಿಂದ ಮೂಗೊರೆಸಿಕೊಂಡಳು. ಬೀದಿಯ ಪರವಾಗಿ ಕೇಳಿಯೇಬಿಟ್ಟೆ.

“ನಿಜ ಹೇಳು ಭಾವ. ಅವತ್ತು ಆ ಸೀಟಲ್ಲಿ ಕಣ್ಣು ಮುಚ್ಚಿ ಕೂತಾಗ ನಿನಗೆ ಏನು ಕೇಳಿಸ್ತು?”

ಭಾವ ಹತ್ತಿಯ ಚಿಂದಿಯಿಂದ ಕೈ ಒರೆಸಿಕೊಂಡ.

“ಏನೂ ಕೇಳಿಸ್ಲಿಲ್ಲ ಕಣೋ. ಸೀಟು ಬೆಚ್ಚಗಿತ್ತು, ಅಷ್ಟೆ.”